ಟಿ.ವಿ. ಕದ್ದು ಕೇಳುತ್ತಿದೆಯೇ? ರೌಟರಿನಲ್ಲಿ ತೂಗಿ ನೋಡಿದ ನನ್ನ ಅನುಭವ

ಟಿ.ವಿ., ಸ್ಮಾರ್ಟ್ ಪ್ಲಗ್, ಕ್ಯಾಮೆರಾಗಳಲ್ಲಿ ಕಳ್ಳಕಿವಿ ಅಡಗಿದೆಯೆಂಬ ಅನುಮಾನದಿಂದ ನನ್ನ ರಿಪೇರಿ ಅಂಗಡಿಗೆ ಬರುವವರೆಲ್ಲರೂ ಮೊದಲು ಹೇಳುವುದು 'ಬಿಚ್ಚಿ ನೋಡಿ' ಎಂದು. ಮೈಕ್ ಇಂದು ರಿಮೋಟಿನಲ್ಲೂ ರಾಜಾರೋಷವಾಗಿ ಕುಳಿತಿರುವಾಗ, ವೈ-ಫೈ ಚಿಪ್ ಬಲ್ಬಿನೊಳಗೂ ಸೇರಿರುವಾಗ, ಬಿಚ್ಚಿ ನೋಡಿದರೆ ಸಿಗುವುದು ಧೂಳು ಮಾತ್ರ. ಸುಮಾರು ಮೂರೂವರೆ ಸಾವಿರ ಕೊಟ್ಟು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ, ರೇಡಿಯೊ ಅಲೆ ಸಿಕ್ಕರೆ ಕೂಗುವ 'ಬಗ್ ಡಿಟೆಕ್ಟರ್' ಪಕ್ಕದ ಮನೆಯ ರೌಟರಿಗೂ ನನ್ನ ಜೇಬಿನ ಫೋನಿಗೂ ಒಂದೇ ಸಮನೆ ಅರಚಿಕೊಂಡಿತು. ಈಗ ಅದು ಬ್ಯಾಟರಿ ಕಳಚಿಸಿಕೊಂಡು ಡ್ರಾಯರಿನಲ್ಲಿದೆ.

ಫಲ ಕೊಟ್ಟದ್ದು ರೌಟರಿಗೆಂದೇ ಇರುವ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯೂಆರ್‌ಟಿ ಹಾಕಿದ, ಒಂಬೈನೂರು ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕ ಹಳೆಯ ರೌಟರು. ಅನುಮಾನದ ಉಪಕರಣವೊಂದನ್ನೇ ಅದಕ್ಕೆ ಜೋಡಿಸಿ, ಹೋಗಿಬರುವ ದತ್ತಾಂಶವನ್ನು ದಾಖಲಿಸುವ ಟಿಸಿಪಿಡಂಪ್ ತಂತ್ರಾಂಶದ ಕಡತವನ್ನು ಪೆನ್‌ಡ್ರೈವಿಗೆ ಇಳಿಸುತ್ತೇನೆ. 'ಎಲ್ಲವೂ ಎನ್‌ಕ್ರಿಪ್ಟ್ ಆಗಿ ಗುಪ್ತಲಿಪಿಯಲ್ಲಿರುತ್ತದೆ, ನಿನಗೇನು ಕಾಣುತ್ತದೆ?' ಎಂದು ಈ ಕಸುಬಿನ ಗೆಳೆಯರು ನಕ್ಕಿದ್ದರು. ಆದರೆ ಒಳಗಿನ ಮಾತು ನನಗೆ ಬೇಕಿರಲಿಲ್ಲ, ಅದರ ತೂಕವಷ್ಟೇ ಬೇಕಿತ್ತು. 16 ಕೆಬಿಪಿಎಸ್‌ಗೆ (ಸೆಕೆಂಡಿಗೆ 16 ಸಾವಿರ ಬಿಟ್) ಹಿಂಡಿದ ಧ್ವನಿಯೂ ಗಂಟೆಗೆ ಸುಮಾರು 7 ಎಂ.ಬಿ. ಆಗುತ್ತದೆ, ಹಿಂಡದ ದೂರವಾಣಿ ಗುಣಮಟ್ಟದ 64 ಕೆಬಿಪಿಎಸ್ ಧ್ವನಿ 29 ಎಂ.ಬಿ. ಸಮೀಪಿಸುತ್ತದೆ. ಕೋಣೆಯಲ್ಲಿ ಒಂದು ಗಂಟೆ ಮೌನ, ಮತ್ತೊಂದು ಗಂಟೆ ಆಕಾಶವಾಣಿಯ ಮಾತುಕತೆ, ಹೀಗೆ ಅದಲುಬದಲಾಗಿ ಇಟ್ಟು, ಹೊರಹೋಗುವ ದತ್ತಾಂಶವನ್ನು ಹೋಲಿಸಿದರೆ ಕಿವಿಯಿದ್ದ ಉಪಕರಣ ಸಿಕ್ಕಿಬೀಳುತ್ತದೆ. ಕೂಡಿಟ್ಟುಕೊಂಡು ರಾತ್ರಿ ಕಳಿಸುವ ಜಾಣತನವೂ ಇರಬಹುದಾದ್ದರಿಂದ ಮರುದಿನದವರೆಗೂ ದಾಖಲಿಸುವುದನ್ನು ನಿಲ್ಲಿಸುವುದಿಲ್ಲ. ಮೌನಕ್ಕೂ ಮಾತಿಗೂ ನಡುವಿನ ಗೆರೆಯನ್ನು ಎಲ್ಲಿ ಎಳೆಯುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ನನ್ನ ಹೊಟ್ಟೆಪಾಡು ಅದರ ಮೇಲೆಯೇ ನಿಂತಿದೆ.

ಹೆಚ್ಚು ಕಾಡಿದ್ದು ಟಿ.ವಿ.ಯೇ. ಮಾತಿದ್ದರೂ ಮೌನವಿದ್ದರೂ ಅದು ಒಂದೇ ಲಯದಲ್ಲಿ ಏನನ್ನೋ ಕಳಿಸುತ್ತಿತ್ತು. ಕೊನೆಗೆ ಪರದೆಯ ಮೇಲೆ ಬರಿಯ ಕಪ್ಪು ಚಿತ್ರವಿಟ್ಟಾಗ ಹರಿವು ತಗ್ಗಿತು, ಸೆಟ್ಟಿಂಗ್ಸಿನಲ್ಲಿ ವೀಕ್ಷಣಾ ಮಾಹಿತಿಯ ಅನುಮತಿಯನ್ನು ತೆಗೆದಾಗ ನಿಂತೇಹೋಯಿತು. ಅದು ಕೋಣೆಯನ್ನು ಕೇಳುತ್ತಿರಲಿಲ್ಲ, ನಾವು ನೋಡುವುದನ್ನು ತಾನೂ ನೋಡುತ್ತಿತ್ತು. ಇಂಥದ್ದೇ ಸಂಗ್ರಹಕ್ಕಾಗಿ ಅಮೆರಿಕದಲ್ಲಿ ಟಿ.ವಿ. ಕಂಪನಿ ವಿಜಿಯೊ 2017ರಲ್ಲಿ 22 ಲಕ್ಷ ಡಾಲರ್ ತೆತ್ತು ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡಿತ್ತು. ಚಿಪ್ ಹುಡುಕುವವರು ಈ ಬಗೆಯ ಕಣ್ಗಾವಲನ್ನು ಎಂದೂ ಕಾಣಲಾರರು, ಏಕೆಂದರೆ ಅದು ಮೆನುವಿನಲ್ಲೇ ಇದೆ.

ನಿಜವಾಗಿ ಅಪಾಯಕಾರಿಯಾಗಿ ಕಂಡದ್ದು ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಟಿ.ವಿ. ಪೆಟ್ಟಿಗೆ. ಅದು ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಟ್ಟು ಬೇಡದ್ದನ್ನು ತಡೆಯುವ ನನ್ನ ಪೈ-ಹೋಲ್ ತಂತ್ರಾಂಶವನ್ನು ಬದಿಗಿಟ್ಟು, ಗೂಗಲ್ಲಿನ ವಿಳಾಸ-ಸರ್ವರಾದ 8.8.8.8 ಅನ್ನೇ ನೇರವಾಗಿ ಕೇಳುತ್ತಿತ್ತು. ಇಂಥ ವಿಳಾಸದ ಪ್ರಶ್ನೆಗಳು ಹೋಗುವ 53ನೆಯ ಪೋರ್ಟನ್ನು ಬಲವಂತವಾಗಿ ನನ್ನತ್ತ ತಿರುಗಿಸಿದ ಮೇಲೆ, ಯಾವ ಆ್ಯಪನ್ನೂ ತೆರೆಯದ ನಡುರಾತ್ರಿಯಲ್ಲೂ ಅದು ಅಪರಿಚಿತ ಸರ್ವರುಗಳನ್ನು ತಟ್ಟುತ್ತಿರುವುದು ಕಂಡಿತು. ಟಿ95 ಎಂಬ ಪೆಟ್ಟಿಗೆಯಲ್ಲಿ ಮಾಲ್‌ವೇರ್ ಮೊದಲೇ ತುಂಬಿ ಬಂದದ್ದು 2023ರ ಜನವರಿಯಲ್ಲಿ ಬಯಲಾಗಿತ್ತಾದ್ದರಿಂದ ನನಗೆ ಅಚ್ಚರಿಯಾಗಲಿಲ್ಲ. ಎರಡು ಸಾವಿರ ಚಿಲ್ಲರೆ ಕೊಟ್ಟು ಕೊಂಡಿದ್ದ ಗ್ರಾಹಕರಿಗೆ ಮಾತ್ರ ಹೊಟ್ಟೆ ಉರಿಯಿತು.

ರೌಟರಿಗೆ ಕಾಣದ ಜಾತಿಯೊಂದಿದೆ: ಎಕ್ಸ್‌ಟೆನ್ಷನ್ ಬಾಕ್ಸಿನೊಳಗೆ ಸಿಮ್ ಅಡಗಿಸಿಕೊಂಡು, ಸದ್ದಾದೊಡನೆ ಯಜಮಾನನಿಗೆ ಕರೆ ಮಾಡುವ ಜಿಎಸ್‌ಎಂ ಬಗ್. ಪರೀಕ್ಷೆಗೆಂದೇ ಒಂದನ್ನು ಕೊಂಡು ಹಳೆಯ ಆ್ಯಂಪ್ಲಿಫೈಯರಿನ ಪಕ್ಕದಲ್ಲಿಟ್ಟು ಚಪ್ಪಾಳೆ ತಟ್ಟಿದಾಗ, ಸ್ಪೀಕರಿನಲ್ಲಿ 2ಜಿಯ ಪರಿಚಿತ 'ಟಡ್ ಟಡ್ ಟಡ್' ಸದ್ದು ಬಂತು. ಆರ್‌ಟಿಎಲ್ ಎಂಬ, ರೇಡಿಯೊ ಅಲೆಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಡಾಂಗಲ್ಲಿನಲ್ಲಿ 900 ಮೆಗಾಹರ್ಟ್ಸ್ ಆಸುಪಾಸಿನ ಗೆರೆಯೂ ಎದ್ದು ನಿಂತಿತು. 4ಜಿ ಮಾದರಿಗಳಿಗೆ ಈ ಉಪಾಯ ಸಾಲದು, ಏಕೆಂದರೆ ಅವು 2300 ಮೆಗಾಹರ್ಟ್ಸ್‌ನಲ್ಲೂ ಮಾತಾಡಬಲ್ಲವು, ನನ್ನ ಡಾಂಗಲ್ ಸುಮಾರು 1700ಕ್ಕೇ ಸುಸ್ತಾಗುತ್ತದೆ. ಅದಕ್ಕೂ ಮೇಲೇರುವ ಉಪಕರಣದ ಬೆಲೆ ಕೇಳಿ ಸದ್ಯಕ್ಕೆ ಸುಮ್ಮನಿದ್ದೇನೆ.