ಮುದ್ದೆ ಯಾರು ಕಟ್ತಾರೆ?

ಕ್ಯಾನ್ಸರ್ ಟ್ರಯಲ್ ಅಂದ ತಕ್ಷಣ ಹೊಸ ಔಷಧಿಯನ್ನು ರೋಗಿಯ ಮೇಲೆ ಪ್ರಯೋಗ ಮಾಡುತ್ತಾರೆ ಅಂತ ಜನ ಹೆದರುತ್ತಾರೆ. ಕೋಲಾರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ನಾನು ನೋಡಿಕೊಂಡ ಟ್ರಯಲ್ ಹಾಗಿರಲಿಲ್ಲ. ಕ್ಯಾನ್ಸರ್ ಚಿಕಿತ್ಸೆ ಎಲ್ಲರಿಗೂ ಅದೇ. ಅದರಿಂದ ಬರುವ ಕೈಕಾಲು ಉರಿ ತಡೆಯಬಹುದಾ ಅಂತಷ್ಟೇ ನೋಡುತ್ತಿದ್ದೆವು.

ಸ್ತನ, ಕರುಳಿನ ಕ್ಯಾನ್ಸರಿಗೆ ಕೆಪೆಸಿಟಬಿನ್ ಮಾತ್ರೆ ಕೊಡುತ್ತಾರೆ. ಸಾಮಾನ್ಯವಾಗಿ 14 ದಿನ ನುಂಗಬೇಕು, 7 ದಿನ ಬಿಡಬೇಕು. ಡ್ರಿಪ್ ಹಾಕಿಸಿಕೊಳ್ಳುವ ತಾಪತ್ರಯ ಇಲ್ಲ. ಆದರೆ ಕೆಲವರಿಗೆ ಅಂಗೈ, ಅಂಗಾಲು ಕೆಂಪಾಗಿ ಚರ್ಮ ಸುಲಿಯುತ್ತದೆ. ಜಾಸ್ತಿಯಾದರೆ ಮಾತ್ರೆ ನಿಲ್ಲಿಸಬೇಕು, ಇಲ್ಲ ಡೋಸ್ ಇಳಿಸಬೇಕು. ದೆಹಲಿಯ ಏಮ್ಸ್‌ನವರು ಇದಕ್ಕೆ ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಹಚ್ಚಿಸಿ ನೋಡಿದರು, ಒಟ್ಟು 264 ಜನರಲ್ಲಿ. 2024ರಲ್ಲಿ ಫಲಿತಾಂಶ ಬಂತು. ಔಷಧಿ ಇಲ್ಲದ ಜೆಲ್ ಹಚ್ಚಿದವರಲ್ಲಿ 100ಕ್ಕೆ 15 ಜನರಿಗೆ ತೊಂದರೆ ಜೋರಾಯಿತು, ಡೈಕ್ಲೋಫೆನಾಕ್ ಹಚ್ಚಿದವರಲ್ಲಿ 4ಕ್ಕಿಂತ ಕಮ್ಮಿ. ನಮ್ಮದು ಅದಕ್ಕೂ ಮುಂಚಿನ, ಅದೇ ಥರದ ಚಿಕ್ಕ ಅಧ್ಯಯನ. ಯಾವ ಟ್ಯೂಬಿನಲ್ಲಿ ಔಷಧಿ ಇದೆ ಅಂತ ನನಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ.

ಒಪ್ಪಿಗೆ ಪಡೆಯಲು ಟೈಮ್ ಹಿಡಿಯುತ್ತಿತ್ತು. ಸಹಿ ಬರದವರಿಗೆ ಕಾಗದ ಪೂರ್ತಿ ಓದಿ ಹೇಳಿ, ನಮ್ಮ ತಂಡದವರಲ್ಲದ ಒಬ್ಬ ಸಾಕ್ಷಿಯ ಎದುರು ಹೆಬ್ಬೆಟ್ಟು ಒತ್ತಿಸಬೇಕು. ನಾನು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳುತ್ತಿದ್ದೆ. ನಮ್ಮ ಕಡೆ ಹಾಗೇ ಅಲ್ವಾ.

ನಿಜವಾದ ಕಷ್ಟ ಶುರುವಾಗಿದ್ದು ಫಾರಂ ತುಂಬುವಾಗ. ದಿನದ ಕೆಲಸಕ್ಕೆ ಅಡ್ಡಿ ಆಗುತ್ತಿದೆಯಾ ಅಂತ ಕೇಳಿ ಗ್ರೇಡ್ ಹಾಕಬೇಕು. ತೊಂದರೆ ಇಲ್ಲದಿದ್ದರೆ ಸೊನ್ನೆ, ಜಾಸ್ತಿಯಾದಷ್ಟೂ ದೊಡ್ಡ ಅಂಕಿ. ಉದಾಹರಣೆಗೆ ಕೊಟ್ಟಿದ್ದು ಅಡುಗೆ, ಅಂಗಡಿ ಸಾಮಾನು, ಫೋನ್, ದುಡ್ಡಿನ ಲೆಕ್ಕ. ಬಂಗಾರಪೇಟೆ ಕಡೆಯ ಒಬ್ಬ ಅಮ್ಮ ಎಲ್ಲದಕ್ಕೂ "ಏನಿಲ್ಲ ಸಿಸ್ಟರ್, ಚೆನ್ನಾಗಿದೀನಿ" ಅಂದರು. ಕೈ ಸೆರಗಿನೊಳಗಿತ್ತು.

"ಮುದ್ದೆ ಯಾರು ಕಟ್ತಾರಮ್ಮ ಈಗ?" ಅಂದೆ.

"ಸೊಸೆ."

"ಯಾವಾಗಿಂದ?"

"ಹದಿನೈದು ದಿನ ಆಯ್ತು. ಬಿಸಿ ತಡೆಯಕ್ಕಾಗಲ್ಲ."

ಕೈ ಹೊರಗೆ ತೆಗೆಸಿದೆ. ಬೆರಳ ಸಂದಿಯಲ್ಲಿ ಚರ್ಮ ಬಿರಿದು, ಅಂಗೈ ನುಣ್ಣಗೆ ಕೆಂಪಾಗಿತ್ತು. ಗ್ರೇಡ್ 2. ನಾನು ಸೊನ್ನೆ ಬರೆಯುವುದರಲ್ಲಿದ್ದೆ! ಡಾಕ್ಟರು ಅವತ್ತೇ ಮಾತ್ರೆ ನಿಲ್ಲಿಸಿದರು, ಸ್ವಲ್ಪ ದಿನಕ್ಕೆ. ಆಮೇಲಿಂದ ಉರಿ ಇದೆಯಾ ಅಂತ ಮೊದಲು ಕೇಳುವುದನ್ನೇ ಬಿಟ್ಟೆ. ಹಾಲು ಕರೆದ್ರಾ, ಟೊಮೆಟೊ ಬಿಡಿಸೋಕೆ ಹೋದ್ರಾ, ಪಾತ್ರೆ ಯಾರು ಬೆಳಗಿದ್ರು, ಹೀಗೆ ಶುರು ಮಾಡುತ್ತಿದ್ದೆ. ಫಾರಂನ ಪ್ರಶ್ನೆ ಬದಲಾಯಿಸುವ ಹಾಗಿಲ್ಲ, ಅದನ್ನೂ ಕೇಳುತ್ತಿದ್ದೆ. ಆದರೆ ಅಷ್ಟೊತ್ತಿಗೆ ಉತ್ತರ ಬಂದುಬಿಟ್ಟಿರುತ್ತಿತ್ತು.

ಪ್ರತಿ ಸಲ ಹಳೆ ಟ್ಯೂಬ್ ವಾಪಸ್ ತಂದಾಗ ತೂಗುತ್ತಿದ್ದೆ. ಭಾರ ಇದ್ದರೆ ಸರಿಯಾಗಿ ಹಚ್ಚಿಲ್ಲ ಅಂತ ಲೆಕ್ಕ. ಮುಳಬಾಗಿಲಿನ ಒಬ್ಬರದು ಮಾತ್ರ ಉಲ್ಟಾ. ಟ್ಯೂಬ್ ಚಪ್ಪಟೆ, ಬುಡದಿಂದ ಸುರುಳಿ ಸುತ್ತಿ ಹಿಂಡಿದ್ದಾರೆ. ಹಚ್ಚಿದಾಗೆಲ್ಲ ಗೀಟು ಹಾಕುವ ಡೈರಿಯಲ್ಲಿ ಮಾತ್ರ ದಿನಕ್ಕೆ ಎರಡೇ ಗೀಟು. ಕೇಳಿದರೆ ನಕ್ಕುಬಿಟ್ಟರು. ಅತ್ತೆಗೆ ಮೊಣಕಾಲು ನೋವಂತೆ. "ಆಸ್ಪತ್ರೆ ಮುಲಾಮು, ನಂಗೂ ಸ್ವಲ್ಪ ಹಚ್ಚೇ" ಅಂತ ರಾತ್ರಿ ಕಾಲು ಚಾಚುತ್ತಿದ್ದರಂತೆ. ಇಲ್ಲ ಅನ್ನೋಕಾಗುತ್ತಾ?

ನಿಯಮ ತಪ್ಪಿದ್ದನ್ನು ಬರೆಯುವ ರಿಜಿಸ್ಟರಿನಲ್ಲಿ ಅತ್ತೆಯ ಮೊಣಕಾಲನ್ನೂ ಬರೆದೆ. ಆಮೇಲೆ ಅತ್ತೆಗೆ ಮೂಳೆ ಡಾಕ್ಟರ ಓಪಿಡಿ ಚೀಟಿ ಮಾಡಿಸಿಕೊಟ್ಟೆ. ಮುಂದಿನ ಸಲ ಟ್ಯೂಬಿನ ತೂಕ ಸರಿಯಾಗಿತ್ತು.