ವಾಕಾಚಿನಾದ ಮರಳುದಿಬ್ಬಗಳಲ್ಲಿ ಕಡಿಮೆ ಖರ್ಚಿನ ಬಗ್ಗಿ ಸವಾರಿ ಮತ್ತು ಸ್ಯಾಂಡ್‌ಬೋರ್ಡಿಂಗ್: ನನ್ನ ಅನುಭವ

ಪೆರು ದೇಶದ ದಕ್ಷಿಣ ಕರಾವಳಿಯ ಮರುಭೂಮಿಯಲ್ಲಿರುವ ವಾಕಾಚಿನಾಕ್ಕೆ ಹೋಗುವುದೆಂದು ನಿಶ್ಚಯಿಸಿದಾಗ, ಖರ್ಚು ತಗ್ಗಿಸುವ ದಾರಿಗಳನ್ನು ಹುಡುಕುವುದಕ್ಕಿಂತ ಮೊದಲು, ಯಾವ ಖರ್ಚನ್ನು ತಗ್ಗಿಸಕೂಡದು ಎಂಬುದನ್ನು ನಾನು ತೀರ್ಮಾನಿಸಿಕೊಂಡೆ. ಬಸ್ಸು, ವಸತಿ, ಊಟ, ಊರೊಳಗಿನ ಓಡಾಟ ಇವೆಲ್ಲದರಲ್ಲೂ ಹಣ ಉಳಿಸಬಹುದು. ಆದರೆ ಮರಳಿನ ಮೇಲೆ ಓಡುವ ತೆರೆದ ಮೋಟಾರು ವಾಹನವಾದ ಬಗ್ಗಿಯಲ್ಲಿ ಸುತ್ತುತ್ತ, ಸ್ಯಾಂಡ್‌ಬೋರ್ಡಿಂಗ್ ಮಾಡುತ್ತ, ಅಂದರೆ ಹಲಗೆಯ ಮೇಲೆ ಮರಳಿನ ಇಳಿಜಾರಿನಲ್ಲಿ ಜಾರುತ್ತ, ದಿಬ್ಬಗಳ ಮೇಲೆ ಕಳೆಯುವ ಸುಮಾರು ಎರಡು ಗಂಟೆಗಳಿಗೆ ಗಟ್ಟಿಯಾದ ವಾಹನವೂ ನುರಿತ ಚಾಲಕನೂ ಬೇಕೇ ಬೇಕು. ಈ ಒಂದು ನಿರ್ಧಾರದಿಂದ ಉಳಿದ ಯೋಜನೆಯೆಲ್ಲ ಸುಲಭವಾಯಿತು.

ವಾಕಾಚಿನಾ ಎಂಬುದು ಎತ್ತರದ ಮರಳುದಿಬ್ಬಗಳ ನಡುವಿನ ಒಂದು ಪುಟ್ಟ ಕೊಳ ಮತ್ತು ಅದರ ಸುತ್ತಲಿನ ಸಣ್ಣ ಊರು. ಪೆರುವಿನ ಹಳೆಯ ಸರಣಿಯ 50 ಸೋಲ್ ನೋಟಿನ ಹಿಂಬದಿಯಲ್ಲಿ ಇದರ ಚಿತ್ರವಿದೆ. ರಾಜಧಾನಿ ಲಿಮಾದಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿ ಈಕಾ ನಗರ, ಅಲ್ಲಿಂದ ಸುಮಾರು 5 ಕಿಲೋಮೀಟರಿಗೆ ಈ ಕೊಳ. ಲಿಮಾದಿಂದಲೇ ಹೊರಟು ಅದೇ ದಿನ ಮರಳುವ ಪ್ಯಾಕೇಜುಗಳು ಬಹಳ ಇವೆ. ಅವು ಬೆಳಗಾಗುವ ಮೊದಲೇ ಹೊರಟು, ಪರಾಕಾಸ್ ಬಳಿಯ ದ್ವೀಪಗಳ ದೋಣಿವಿಹಾರವನ್ನೂ ದ್ರಾಕ್ಷಿಮದ್ಯ ತಯಾರಿಸುವ ಸ್ಥಳಗಳನ್ನೂ ಒಂದೇ ದಿನಕ್ಕೆ ತುಂಬುವುದರಿಂದ ಮರಳಿಗೆ ಸಿಗುವ ಸಮಯ ತೀರ ಕಡಿಮೆ. ಹಾಗಾಗಿ ನಾನು ಪ್ಯಾನ್ ಅಮೆರಿಕನ್ ಹೆದ್ದಾರಿಯ ಸಾಮಾನ್ಯ ಬಸ್ಸಿನಲ್ಲಿ ನಾಲ್ಕೈದು ಗಂಟೆ ಪ್ರಯಾಣಿಸಿ ಈಕಾ ತಲುಪಿದೆ. ಲಿಮಾದಲ್ಲಿ ಅನೇಕ ಬಸ್ ಕಂಪನಿಗಳಿಗೆ ತಮ್ಮದೇ ಆದ ಪ್ರತ್ಯೇಕ ನಿಲ್ದಾಣಗಳಿರುವುದರಿಂದ, ಟಿಕೆಟ್ ಕೊಳ್ಳುವಾಗಲೇ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಕೇಳಿಕೊಳ್ಳುವುದು ಅಗತ್ಯ.

ಕೊಳದ ದಡದ ವಸತಿಗಳಲ್ಲಿ ನೋಟಕ್ಕೂ ಈಜುಕೊಳಕ್ಕೂ ಸೇರಿಸಿ ಹಣ ಕೊಡಬೇಕಾಗುತ್ತದೆ. ನಾನು ಈಕಾ ನಗರದಲ್ಲೇ ಉಳಿದೆ. ಅಲ್ಲಿ ಸ್ಥಳೀಯರು ಹೋಗುವ ಊಟದ ಮನೆಗಳಲ್ಲಿ ಮಧ್ಯಾಹ್ನ ‘ಮೆನು’ ಎಂದು ಕೇಳಿದರೆ ಸೂಪು, ಮುಖ್ಯ ಊಟ, ಕುಡಿಯಲು ಪಾನೀಯ ಎಲ್ಲ ಸೇರಿ ಒಂದೇ ಅಗ್ಗದ ದರಕ್ಕೆ ಸಿಗುತ್ತದೆ. ಈಕಾದಿಂದ ಕೊಳದವರೆಗೆ ಮೋಟೊಟ್ಯಾಕ್ಸಿ, ಅಂದರೆ ನಮ್ಮ ಆಟೋರಿಕ್ಷಾದಂಥ ವಾಹನ, ಸಾಕು; ಹತ್ತುವ ಮೊದಲೇ ದರ ಮಾತಾಡಿಕೊಳ್ಳಬೇಕು. ಚಿಲ್ಲರೆ ನೋಟುಗಳು ಜೇಬಿನಲ್ಲಿದ್ದರೆ ಒಳ್ಳೆಯದು.

ದಿನದ ಆಯ್ಕೆಯಿಂದಲೂ ಸಾಕಷ್ಟು ಉಳಿತಾಯವಾಗುತ್ತದೆ. ಜುಲೈ 28 ಮತ್ತು 29 ಪೆರುವಿನ ರಾಷ್ಟ್ರೀಯ ಹಬ್ಬ. ಆ ದಿನಗಳಲ್ಲೂ ಈಸ್ಟರ್‌ಗೆ ಮುಂಚಿನ ವಾರದಲ್ಲೂ ಬಸ್ಸಿನಿಂದ ಕೋಣೆಯವರೆಗೆ ಎಲ್ಲವೂ ದುಬಾರಿ. ವಾರದ ನಡುವಿನ ದಿನಗಳಲ್ಲಿ ಜನ ಕಡಿಮೆ, ದರದ ಚೌಕಾಸಿಗೆ ಅವಕಾಶ ಹೆಚ್ಚು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಬೇಸಿಗೆ. ನಡುಹಗಲಿನ ಮರಳು ಕಾಲಿಡಲಾಗದಷ್ಟು ಕಾದಿರುತ್ತದೆ. ಆದ್ದರಿಂದ ಸಂಜೆ ನಾಲ್ಕರ ಸುಮಾರಿಗೆ ಹೊರಟು ಸೂರ್ಯಾಸ್ತಕ್ಕೆ ಮುಗಿಯುವ ಸವಾರಿಯನ್ನೇ ಆರಿಸಿಕೊಂಡೆ.

ಬಗ್ಗಿಯನ್ನು ಮುಂಗಡವಾಗಿ ಕಾದಿರಿಸದೆ, ಸ್ಥಳಕ್ಕೆ ಹೋಗಿ ವಾಹನವನ್ನು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಟ್ಟೆ. ಕೊಳವೆಗಳ ಚೌಕಟ್ಟಿನಿಂದ ಕಟ್ಟಿದ ಈ ವಾಹನಗಳನ್ನು ಅಲ್ಲಿಯವರು ‘ಟುಬುಲಾರ್’ ಎನ್ನುತ್ತಾರೆ. ಮಗುಚಿದರೂ ತಲೆಗೆ ಪೆಟ್ಟಾಗದಂತೆ ಕಾಯುವುದು ಆ ಚೌಕಟ್ಟೇ ಆದುದರಿಂದ ಬೆಸುಗೆಯ ಜಾಗಗಳು ಬಿರುಕು ಬಿಟ್ಟಿಲ್ಲವೇ, ಎರಡೂ ಭುಜಗಳ ಮೇಲೆ ಹಾದುಬರುವ ಬೆಲ್ಟು ಪ್ರತಿ ಸೀಟಿನಲ್ಲೂ ಗಟ್ಟಿಯಾಗಿ ಬಿಗಿಯುತ್ತದೆಯೇ ಎಂದು ನೋಡಿದೆ. ಇಡೀ ಬಗ್ಗಿಯನ್ನು ಗೊತ್ತುಮಾಡುವ ಬದಲು ಇತರರೊಡನೆ ಹಂಚಿಕೊಂಡು ಒಂದು ಸೀಟು ಹಿಡಿದರೆ ಖರ್ಚು ಬಹಳಷ್ಟು ಇಳಿಯುತ್ತದೆ. ದರ ಕೇಳುವಾಗಲೇ ಮೂರು ವಿಷಯ ಸ್ಪಷ್ಟಪಡಿಸಿಕೊಳ್ಳಬೇಕು: ಒಟ್ಟು ಎಷ್ಟು ಹೊತ್ತು, ಎಷ್ಟು ಇಳಿಜಾರುಗಳಲ್ಲಿ ಬೋರ್ಡ್ ಮೇಲೆ ಜಾರಲು ಬಿಡುತ್ತಾರೆ, ದಿಬ್ಬ ಪ್ರವೇಶದ ಸಣ್ಣ ಶುಲ್ಕ ಅದರಲ್ಲಿ ಸೇರಿದೆಯೇ. ಈ ಶುಲ್ಕವನ್ನು ಬಹುಮಟ್ಟಿಗೆ ಬೇರೆಯಾಗಿಯೇ ಪಡೆಯುತ್ತಾರೆ. ಅತಿ ಕಡಿಮೆ ದರ ಹೇಳುವವರು ಸಾಮಾನ್ಯವಾಗಿ ಸಮಯವನ್ನು ಕತ್ತರಿಸಿರುತ್ತಾರೆ ಎಂಬುದು ನನ್ನ ಅಭಿಪ್ರಾಯ. ಪ್ರವಾಸ ವಿಮೆ ಮಾಡಿಸಿದವರು ಇಂಥ ಸವಾರಿ ಅದರ ವ್ಯಾಪ್ತಿಯಲ್ಲಿದೆಯೇ ಎಂದು ಹೊರಡುವ ಮೊದಲೇ ಓದಿಕೊಳ್ಳಬೇಕು.

ಬಗ್ಗಿಗೆ ಕೊಡುವ ಹಣ ಕೇವಲ ರೋಮಾಂಚನಕ್ಕಲ್ಲ. ಹಿಮದ ಇಳಿಜಾರುಗಳಲ್ಲಿರುವಂತೆ ಇಲ್ಲಿ ಜನರನ್ನು ಮೇಲಕ್ಕೆ ಒಯ್ಯುವ ಲಿಫ್ಟ್ ಇಲ್ಲ. ಜಾರಿ ಇಳಿದವರನ್ನು ಕೆಳಗಿನಿಂದ ಹತ್ತಿಸಿಕೊಂಡು ಮುಂದಿನ ದಿಬ್ಬದ ನೆತ್ತಿಗೆ ಮುಟ್ಟಿಸುವುದು ಬಗ್ಗಿಯೇ. ಗಾಳಿ ಬೀಸಿಬರುವ ಕಡೆಯ ಇಳಿಜಾರು ಸಪಾಟಾಗಿಯೂ ಗಟ್ಟಿಯಾಗಿಯೂ ಇರುವುದರಿಂದ ವಾಹನ ಅಲ್ಲಿಂದ ಹತ್ತುತ್ತದೆ. ಗಾಳಿಯ ಮರೆಯ ಬದಿಯಲ್ಲಿ ಸಡಿಲ ಮರಳು ಸುಮಾರು 34 ಡಿಗ್ರಿಯವರೆಗೆ ಕಡಿದಾಗಿ ನಿಲ್ಲುತ್ತದೆ, ಅದಕ್ಕಿಂತ ಹೆಚ್ಚಾದರೆ ತಾನೇ ಕುಸಿಯುತ್ತದೆ. ನಾವು ಜಾರುವುದು ಈ ಬದಿಯಲ್ಲಿ.

ಸವಾರಿಯ ಜೊತೆಗೆ ಕೊಡುವ ಬೋರ್ಡುಗಳು ಸಾದಾ ಹಲಗೆಗಳು. ಹಿಮಕ್ಕಿಂತ ಮರಳಿನಲ್ಲಿ ಘರ್ಷಣೆ ಹೆಚ್ಚಾದ್ದರಿಂದ ಪ್ರತಿ ಇಳಿತಕ್ಕೂ ಮುನ್ನ ಅಡಿಭಾಗಕ್ಕೆ ಮೇಣ ಉಜ್ಜಬೇಕು; ಚಾಲಕ ಮರೆತರೆ ಕೇಳಿ ಉಜ್ಜಿಸಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ. ಹೊಟ್ಟೆಯ ಮೇಲೆ ಮಲಗಿ, ಮೊಣಕೈಗಳನ್ನು ಮರಳಿಗೆ ತಾಗದಂತೆ ಒಳಗೆ ಮಡಚಿ, ಕಾಲುಗಳನ್ನು ಅಗಲಿಸಿ ಇಳಿಯಬೇಕು. ವೇಗ ತಗ್ಗಿಸಲು ಕಾಲ್ಬೆರಳುಗಳನ್ನು ಮರಳಿಗೆ ಒತ್ತಿದರೆ ಸಾಕು, ಅದೇ ಬ್ರೇಕು. ಮುಂದಿನವರು ಕೆಳಗೆ ತಲುಪಿ ಪಕ್ಕಕ್ಕೆ ಸರಿಯುವವರೆಗೆ ಹೊರಡಬಾರದು.

ಇದಕ್ಕಾಗಿ ಬೇರೆ ಸಲಕರಣೆಯನ್ನು ನಾನು ಕೊಳ್ಳಲಿಲ್ಲ. ಪಕ್ಕದಿಂದಲೂ ಕಣ್ಣು ಮುಚ್ಚುವ ಕನ್ನಡಕ, ಮೂಗು ಬಾಯಿ ಮುಚ್ಚಲು ಹತ್ತಿಬಟ್ಟೆ, ಉದ್ದ ತೋಳಿನ ಅಂಗಿ, ಫೋನಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಕುಡಿಯುವ ನೀರು ಇಷ್ಟೇ ಸಾಕಾಯಿತು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅಂದು ಅದನ್ನು ತೆಗೆದಿಡುವುದು ಉತ್ತಮ. ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳಲ್ಲಾದರೆ ಸೂರ್ಯ ಇಳಿದೊಡನೆ ಚಳಿ ಹಿಡಿಯುವುದರಿಂದ ಒಂದು ಸ್ವೆಟರ್ ಜೊತೆಗಿರಲಿ.

ನಿಂತು ಜಾರುವುದನ್ನು ಕಲಿಯಬೇಕೆನ್ನುವವರಿಗೆ ಎರಡನೆಯ ಬಗ್ಗಿ ಸವಾರಿಯ ಖರ್ಚು ಬೇಕಿಲ್ಲ. ಊರಿನ ಬಾಡಿಗೆ ಅಂಗಡಿಗಳಲ್ಲಿ ಕಾಲಿಗೆ ಭದ್ರವಾದ ಬೂಟು ಮತ್ತು ಪಟ್ಟಿಗಳಿರುವ ಒಳ್ಳೆಯ ಬೋರ್ಡ್ ಪಡೆದು, ಮರಳು ಇನ್ನೂ ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ ಕೊಳದ ಪಕ್ಕದ ದಿಬ್ಬವನ್ನು ಕಾಲ್ನಡಿಗೆಯಲ್ಲೇ ಹತ್ತಬಹುದು. ಹತ್ತುವುದು ನಿಜಕ್ಕೂ ಶ್ರಮದ ಕೆಲಸ, ಏರಿದಷ್ಟೂ ಕಾಲು ಹಿಂದಕ್ಕೆ ಜಾರುತ್ತದೆ. ದಿಬ್ಬದ ಏಣಿನ, ಅಂದರೆ ಮೇಲಿನ ಚೂಪಾದ ಅಂಚಿನ ಮೇಲೆ, ಮೊದಲು ಹೋದವರ ಹೆಜ್ಜೆಗುರುತುಗಳಲ್ಲೇ ಕಾಲಿಟ್ಟರೆ ದಣಿವು ಕಡಿಮೆ. ಮಧ್ಯದೆತ್ತರದಿಂದಲೇ ಅಭ್ಯಾಸ ಆರಂಭಿಸಿ, ಹಿಂಗಾಲಿನ ಮೇಲೆ ಸ್ವಲ್ಪ ಹೆಚ್ಚು ಭಾರ ಹಾಕಿ ಬೋರ್ಡಿನ ಮೂತಿ ಮರಳಿನಲ್ಲಿ ಹೂಳದಂತೆ ನೋಡಿಕೊಂಡರೆ, ಬಾಡಿಗೆಯ ಅವಧಿ ಮುಗಿಯುವಷ್ಟರಲ್ಲಿ ನೇರವಾಗಿ ನಿಂತು ಇಳಿಯುವುದು ಸಾಧ್ಯವಾಗುತ್ತದೆ.