ಮಾನ್‌ಸ್ಟರ್ ಪೆಲೆಟ್‌ಗೆ ಮ್ಯಾಗಜೀನ್: ನಮ್ಮ ಲೇತ್‌ನಲ್ಲಿ ಆದ ಕೆಲಸ

ಜೆಎಸ್‌ಬಿ ಕಂಪನಿಯ ಮಾನ್‌ಸ್ಟರ್ ಅನ್ನುವ ಉದ್ದನೆಯ, ಭಾರದ ಪೆಲೆಟ್ ನನ್ನ ಏರ್ ರೈಫಲ್ಲಿನ ಮ್ಯಾಗಜೀನಿಗೆ ಹೊಂದಲ್ಲ ಅಂತ ಕೇಳಿದವರೆಲ್ಲ ಹೇಳಿದ್ದರು. ಈಗ ಹೊಂದುತ್ತದೆ. ಮ್ಯಾಗಜೀನಿನೊಳಗೆ ತಿರುಗುವ ಒಂದು ಡ್ರಮ್ಮಿಗೆ ಹತ್ತು ಪೆಲೆಟ್ ಕೂರುತ್ತವೆ, ಹತ್ತೂ ತಡೆಯಿಲ್ಲದೆ ಬ್ಯಾರೆಲ್ಲಿಗೆ ಹೋಗುತ್ತವೆ. ಕಳೆದ ಆಷಾಢದಿಂದ ಇದೇ ಮ್ಯಾಗಜೀನಿನಲ್ಲಿ ಹೊಡೆಯುತ್ತಿದ್ದೇನೆ. ಪಿಸಿಪಿ, ಅಂದರೆ ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯುವ ಏರ್ ರೈಫಲ್, ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಪ್ರೋಬ್ ಅಂದರೆ ಪೆಲೆಟ್ಟನ್ನು ಬ್ಯಾರೆಲ್ಲಿಗೆ ತಳ್ಳುವ ಕಡ್ಡಿ, ಓ-ರಿಂಗ್ ಅಂದರೆ ರಬ್ಬರ್ ಬಳೆ, ಹ್ಯಾಮರ್ ಸ್ಪ್ರಿಂಗ್ ಅಂದರೆ ಗಾಳಿಯ ಕವಾಟಕ್ಕೆ ಬಡಿಯುವ ಸುತ್ತಿಗೆಯ ಸ್ಪ್ರಿಂಗ್.

ಅಷ್ಟು ಭಾರದ ಪೆಲೆಟ್ ಯಾಕೆ ಬೇಕು ಅಂತ ಕೇಳುವವರು ಒಮ್ಮೆ ಭರಮಸಾಗರದ ಕಡೆ ಬನ್ನಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲೇ ಇದೆ. ಅಲ್ಲಿ ನಮ್ಮ ಸ್ನೇಹಿತರೊಬ್ಬರ ಹೊಲದಲ್ಲಿ ಮಣ್ಣಿನ ದಿಬ್ಬ ಹಾಕಿ, ಅದರ ಮುಂದೆ ಕಾಗದದ ಗುರಿ ಕಟ್ಟಿ 50 ಮೀಟರ್‌ನಿಂದ ಹೊಡೆಯುತ್ತೇವೆ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಆಷಾಢದಲ್ಲಿ ನಮ್ಮ ಸೀಮೆಯ ಗಾಳಿಗೆ 8.44 ಗ್ರೇನ್ ಪೆಲೆಟ್ ನಾಲ್ಕು ಇಂಚು, ಕೆಲವೊಮ್ಮೆ ಐದು ಇಂಚು ಪಕ್ಕಕ್ಕೆ ಹೋಗುತ್ತಿತ್ತು. ಮಾನ್‌ಸ್ಟರ್ 13.43 ಗ್ರೇನ್, ಅಂದರೆ 0.87 ಗ್ರಾಂ. ಒಂದೊಂದಾಗಿ ಕೈಯಲ್ಲಿ ತುಂಬಿ ಹೊಡೆದಾಗ ಅದು ಮೂರು ಇಂಚು ಅಷ್ಟೇ ಸರಿಯಿತು. ಹೋಗುತ್ತಾ ಕೆಳಕ್ಕೆ ಬೀಳುವುದು ಜಾಸ್ತಿ, ನಿಜ. ಆದರೆ ಬೀಳುವುದು ಪ್ರತಿ ಸಲ ಒಂದೇ ಲೆಕ್ಕ, ಸ್ಕೋಪಿನಲ್ಲಿ ಸರಿಮಾಡಿಕೊಳ್ಳಬಹುದು. ಗಾಳಿಗೆ ಆ ಲೆಕ್ಕ ಇಲ್ಲ.

ಹಾಗಾದರೆ ಮ್ಯಾಗಜೀನಿನ ಬದಲು ಒಂದೊಂದೇ ಪೆಲೆಟ್ ಇಡುವ ಸಿಂಗಲ್ ಶಾಟ್ ಟ್ರೇ ಹಾಕಿಕೊಂಡರೆ ಆಯ್ತಲ್ವಾ? ಎಲ್ಲರೂ ಹೇಳಿದ್ದು ಇದನ್ನೇ. ಆದರೆ ಗಾಳಿ ಒಂದು ಕ್ಷಣ ನಿಂತಾಗ ಎರಡು ಮೂರು ಹೊಡೆಯಬೇಕು. ಟ್ರೇಯಲ್ಲಿ ಪೆಲೆಟ್ ಇಡುವಷ್ಟರಲ್ಲಿ ಗಾಳಿ ತಿರುಗಿರುತ್ತದೆ. ನನಗೆ ಮ್ಯಾಗಜೀನೇ ಬೇಕಿತ್ತು.

ಮೊದಲು ಬೇರೆ ಕಂಪನಿಗಳ ಮ್ಯಾಗಜೀನ್ ಹುಡುಕಿದೆ. ನನ್ನ ಮ್ಯಾಗಜೀನಿನ ಡ್ರಮ್ 7 ಮಿಮೀ ದಪ್ಪ. ಅದರಲ್ಲಿ ಮಾನ್‌ಸ್ಟರ್ ಇಟ್ಟರೆ ಮೂತಿ ಒಂದೂವರೆ ಮಿಮೀ ಆಚೆ ಚಾಚಿಕೊಂಡು ಮುಚ್ಚಳಕ್ಕೆ ಒತ್ತುತ್ತದೆ, ಡ್ರಮ್ ತಿರುಗುವುದೇ ಇಲ್ಲ. ದಪ್ಪ ಡ್ರಮ್ ಇರುವ ವಿದೇಶಿ ಮ್ಯಾಗಜೀನೊಂದನ್ನು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತರಿಸಿದೆ, ಮೂರೂವರೆ ಸಾವಿರ ಕೊಟ್ಟು. ಪೆಲೆಟ್ ಚೆನ್ನಾಗಿ ಕೂತಿತು, ಮ್ಯಾಗಜೀನೇ ರೈಫಲ್ಲಿನ ಸ್ಲಾಟಿಗೆ ಹೋಗಲಿಲ್ಲ. ನನ್ನ ಸ್ಲಾಟ್ 11 ಮಿಮೀ, ಅದು 13ರ ಹತ್ತಿರ ಇತ್ತು. ಇನ್ನೊಂದನ್ನು ಎರಡೂವರೆ ಸಾವಿರಕ್ಕೆ ತಂದೆ. ಅದು ಸ್ಲಾಟಿಗೆ ಹೋಯಿತು, ಆದರೆ ರಂಧ್ರ ಪ್ರೋಬಿನ ನೇರಕ್ಕೆ ಬರದೆ ಸುಮಾರು ಅರ್ಧ ಮಿಮೀ ಕೆಳಗೆ ನಿಂತಿತು. ಅಷ್ಟು ಸಾಕು, ಪೆಲೆಟ್ಟಿನ ಸ್ಕರ್ಟ್, ಅಂದರೆ ಹಿಂಬದಿಯ ತೆಳು ಅಂಚು, ಹರಿದು ಹೋಗುತ್ತದೆ. ಮ್ಯಾಗಜೀನ್ ಕೂರುವ ಬ್ರೀಚ್ ಬ್ಲಾಕಿನ ಸ್ಲಾಟನ್ನೇ ಅಗಲ ಮಾಡಿಸು ಅಂದರು ಒಬ್ಬರು. ರೈಫಲ್ಲಿಗೆ ಕೈ ಹಚ್ಚುವುದು ನನಗೆ ಇಷ್ಟವಿಲ್ಲ.

ಆಮೇಲೆ ತ್ರೀ-ಡಿ ಪ್ರಿಂಟ್. ಎಂಜಿನಿಯರಿಂಗ್ ಕಾಲೇಜಿನ ಹುಡುಗನೊಬ್ಬ ಡ್ರಾಯಿಂಗ್ ಮಾಡಿ ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಹಾಕಿಕೊಟ್ಟ. ಅಂಗಡಿಯ ನೆರಳಲ್ಲಿ ಬಲು ಚೆನ್ನಾಗಿ ತಿರುಗಿತು. ಏಪ್ರಿಲ್‌ನಲ್ಲಿ ಹೊಲಕ್ಕೆ ಹೋಗುವಾಗ ಕಾರಿನಲ್ಲಿತ್ತು, ಇಳಿಯುವಷ್ಟರಲ್ಲಿ ಸೊಟ್ಟಗಾಗಿತ್ತು. ಪಿಎಲ್‌ಎ 60 ಡಿಗ್ರಿಗೇ ಮೆತ್ತಗಾಗುತ್ತದೆ, ಮುಚ್ಚಿದ ಕಾರು ನಮ್ಮ ಬೇಸಿಗೆಯಲ್ಲಿ ಅಷ್ಟು ಕಾಯುತ್ತದೆ. ಪಿಇಟಿಜಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಶಾಖ ತಡೆಯಿತು. ಆದರೆ ತೆಳ್ಳಗಿನ ಗೋಡೆ ಪದರ ಪದರವಾಗಿ ಬಿಟ್ಟುಕೊಂಡಿತು. ಪ್ರಿಂಟಿಗೇ ಮೂರು ಸಾವಿರ ಹೋಯಿತು.

ಅಲ್ಲಿಗೆ ಲೇತ್‌ಗೆ ಬಂದೆ. ನಮ್ಮ ವರ್ಕ್‌ಶಾಪಿನಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೇ ಲೇತ್ ಇದೆ. ಕಾರ್ಖಾನೆ ಮುಚ್ಚಿ ವರ್ಷಗಳಾದವು, ಲೇತ್ ಇವತ್ತಿಗೂ ನೂರನೇ ಒಂದು ಮಿಮೀಗೆ ಮಾತು ಕೇಳುತ್ತದೆ. ಹೊಸ ಕಂಪ್ಯೂಟರ್ ಮೆಷಿನ್ ಇಟ್ಟವರು ನನ್ನ ಡ್ರಮ್ ನೋಡಿ ಸಿಎನ್‌ಸಿಯಲ್ಲಿ ಮಾಡಿಸಿದ್ದಾ ಅಂತ ಕೇಳಿದ್ದಾರೆ.

ನನ್ನ ಯೋಚನೆ ಇಷ್ಟೇ. ಸ್ಲಾಟ್ 11 ಮಿಮೀ ಬದಲಾಗಲ್ಲ. ಡ್ರಮ್ 9 ಮಿಮೀ ಬೇಕೇ ಬೇಕು. ಉಳಿಯುವುದು ಎರಡು. ಹಳೇ ಮ್ಯಾಗಜೀನಿನ ಅಕ್ರಿಲಿಕ್ ಮುಚ್ಚಳವೇ 2 ಮಿಮೀ, ಹಿಂದಿನ ಗೋಡೆ ಒಂದೂವರೆ. ಅವೆರಡನ್ನೂ ತೆಗೆದು ಅರ್ಧ ಮಿಮೀ ಸ್ಟೇನ್‌ಲೆಸ್ ಶಿಮ್ ಶೀಟ್ ಹಾಕಿದರೆ ಜಾಗ ಸಿಕ್ಕೇ ಸಿಗುತ್ತದೆ. "ಅಣ್ಣ, ಅರ್ಧ ಮಿಮೀ ತಗಡು ಬೆರಳಲ್ಲಿ ಒತ್ತಿದರೆ ಬಾಗುತ್ತೆ. ಡ್ರಮ್ ಹಿಡ್ಕೊಳ್ಳುತ್ತೆ, ಬಿಟ್ಟುಬಿಡು" ಅಂದರು, ಈ ಕೆಲಸದಲ್ಲಿ ಕೈ ಪಳಗಿದವರೇ.

ಬಾಗಿತು ಕೂಡ. ಅದಕ್ಕೆ ಉತ್ತರ ಸಿಕ್ಕಿದ್ದು ನಡುವಿನ ಪಿನ್ನಿನಲ್ಲಿ. ಹಳೇ ಪಿನ್ ಡ್ರಮ್ಮನ್ನು ಹಿಡಿಯುತ್ತಿತ್ತು ಅಷ್ಟೇ. ನಾನು ಹಿತ್ತಾಳೆ ಪಿನ್ ಕಡೆದು ಅದರ ಭುಜವನ್ನು, ಅಂದರೆ ದಪ್ಪಗಿನ ನಡುಭಾಗವನ್ನು, ಡ್ರಮ್ಮಿಗಿಂತ ಒಂದು ಕೂದಲು ಉದ್ದ ಬಿಟ್ಟೆ, 9.2 ಇರಬೇಕು. ಎರಡೂ ತಗಡು ಆ ಭುಜದ ಮೇಲೆ ಕೂರುತ್ತವೆ. ಈಗ ಒತ್ತಿದರೂ ತಗಡು ಡ್ರಮ್ಮಿಗೆ ತಾಗಲ್ಲ. ಸುತ್ತಲಿನ ಚೌಕಟ್ಟು ಅಲ್ಯೂಮಿನಿಯಂ, ಡ್ರಮ್ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ಡೆಲ್ರಿನ್ ರಾಡ್ ಒಂದು ಅಡಿಗೆ ಐನೂರೋ ಆರುನೂರೋ ಕೊಟ್ಟ ನೆನಪು, ಡ್ರಮ್‌ಗಳು ಬೇಕಾದಷ್ಟು ಬರುತ್ತವೆ. ಸುತ್ತನ್ನು ಸಮ ಪಾಲು ಮಾಡುವ ಡಿವೈಡಿಂಗ್ ಹೆಡ್ಡಿನಲ್ಲಿ ಹತ್ತು ರಂಧ್ರ, 4.6 ಮಿಮೀ ಡ್ರಿಲ್. ಡೆಲ್ರಿನ್ ಬಿಸಿಯಾದರೆ ರಂಧ್ರ ಆಮೇಲೆ ಚಿಕ್ಕದಾಗುತ್ತದೆ, ಆದ್ದರಿಂದ ನಿಧಾನ, ತುಂಡು ತುಂಡಾಗಿ ಕೊರೆಯಬೇಕು. ಕೊನೆಗೆ ರಂಧ್ರವನ್ನು ಸರಿ ಅಳತೆಗೆ ತರಲು ನಾನೇ ಉಜ್ಜಿ ಮಾಡಿಕೊಂಡ ರೀಮರ್ ಹಾಕುತ್ತೇನೆ. ಅದರ ಅಳತೆ ನನ್ನ ಹತ್ತಿರವೇ ಇರಲಿ.

ತೆಳು ತಗಡಿನಲ್ಲಿ ಸ್ಕ್ರೂ ತಲೆ ಮುಳುಗಿಸಲು ಆಗಲ್ಲ. ತಲೆ ಎದ್ದು ನಿಂತು ಮ್ಯಾಗಜೀನ್ ಸ್ಲಾಟಿನಲ್ಲಿ ಸಿಕ್ಕಿಕೊಂಡಿತು, ಎಳೆದು ತೆಗೆಯುವಾಗ ಬ್ಲಾಕಿಗೆ ಗೀರು ಬಿತ್ತು. ಈಗ ಎರಡೂ ಸ್ಕ್ರೂ ಸ್ಲಾಟಿನ ಹೊರಗೆ ಉಳಿಯುವ ತುದಿಯಲ್ಲಿವೆ. ಒಳಗಿನ ತುದಿಯಲ್ಲಿ ತಗಡಿನ ಅಂಚನ್ನು ಮಡಚಿ ಚೌಕಟ್ಟಿನ ತೋಡಿಗೆ ಸಿಕ್ಕಿಸಿದ್ದೇನೆ.

ಇನ್ನು ಡ್ರಮ್ಮನ್ನು ತಿರುಗಿಸುವ ಸ್ಪ್ರಿಂಗ್. ಅದು ಮೊದಲು ಅಕ್ರಿಲಿಕ್ ಮುಚ್ಚಳದ ತೋಡಿನಲ್ಲಿ ಕೂರುತ್ತಿತ್ತು. ಆ ಮುಚ್ಚಳವೇ ಹೋದ ಮೇಲೆ ಎಲ್ಲಿಡುವುದು? ಕೆಲವು ವಾರ ಸ್ಪ್ರಿಂಗೇ ಇಲ್ಲದೆ ನಡೆಸಿದೆ. ಬೇರಿಂಗಿನ ಸಣ್ಣ ಗುಂಡು ಹಾಕಿ, ಬೆರಳಲ್ಲಿ ತಿರುಗಿಸಿದರೆ ಕ್ಲಿಕ್ ಅಂತ ನಿಲ್ಲುವ ಹಾಗೆ. ಅದೂ ಚೆನ್ನಾಗಿತ್ತು, ಬೆಂಚಿನ ಮೇಲೆ ಹೊಡೆಯುವವರಿಗೆ ಸಾಕು. ಆಮೇಲೆ ಡ್ರಮ್ಮಿನ ಹೊಟ್ಟೆಯಲ್ಲೇ ಗುಂಡಿ ತೆಗೆದು ಅಲ್ಲಿ ಸ್ಪ್ರಿಂಗ್ ಕೂರಿಸಿದೆ. ತಂತಿ ಯಾವುದು ಗೊತ್ತಾ? ಗಿಟಾರ್ ತಂತಿ. ಅರ್ಧ ಮಿಮೀಗಿಂತ ಸ್ವಲ್ಪ ಸಣ್ಣದು, ಎಪ್ಪತ್ತು ಎಂಬತ್ತು ರೂಪಾಯಿ. ಎಷ್ಟು ಸುತ್ತು ಕೊಡಬೇಕು ಅನ್ನುವುದನ್ನು ನಿಮ್ಮ ಬೆರಳೇ ಹೇಳುತ್ತದೆ. ಜಾಸ್ತಿ ಕೊಟ್ಟರೆ ಪ್ರೋಬಿಗೆ ಡ್ರಮ್ ಒತ್ತಿಕೊಂಡು, ಪ್ರೋಬನ್ನು ಹಿಂದೆ ಮುಂದೆ ಮಾಡುವ ಬೋಲ್ಟ್ ಬಿಗಿಯಾಗುತ್ತದೆ.

ಪೆಲೆಟ್ಟನ್ನು ಡ್ರಮ್ಮಿನಲ್ಲಿ ಹಿಡಿದಿಡುವ ಓ-ರಿಂಗಿನ ತೋಡು ಎಲ್ಲಿ ಬರಬೇಕು ಅನ್ನುವುದು ಈ ಕೆಲಸದ ಜೀವಾಳ. ಹಳೇ ಜಾಗದಲ್ಲೇ ಬಿಟ್ಟರೆ ಅದು ಪೆಲೆಟ್ಟಿನ ಸೊಂಟಕ್ಕೆ ಬೀಳುತ್ತದೆ, ಹಿಡಿತವೇ ಇಲ್ಲ, ರೈಫಲ್ ಬಗ್ಗಿಸಿದರೆ ಪೆಲೆಟ್ ಜಾರುತ್ತದೆ. ಹಿಂದಕ್ಕೆ ಸರಿಸಬೇಕು. ಎಷ್ಟು ಅಂತ ಹೇಳಲ್ಲ, ಸ್ಕರ್ಟ್ ನೋಡಿ ನೀವೇ ಹುಡುಕಿ.

ಉದ್ದ ಪೆಲೆಟ್ ಅಂತ ಪ್ರೋಬ್ ತುದಿ ಕತ್ತರಿಸಬೇಡಿ. ಪೆಲೆಟ್ಟಿನ ಬಾಲ ಗಾಳಿ ಬರುವ ತೂತು ದಾಟಿ ಮುಂದೆ ನಿಲ್ಲಲೇಬೇಕು. ಮೂತಿ ರೈಫ್ಲಿಂಗಿಗೆ, ಅಂದರೆ ಬ್ಯಾರೆಲ್ಲಿನೊಳಗಿನ ಸುರುಳಿ ಗೀರುಗಳಿಗೆ, ಸ್ವಲ್ಪ ಜಾಸ್ತಿ ಒಳಗೆ ಹೋಗಿ ಬೋಲ್ಟ್ ತುಸು ಭಾರವಾಗುತ್ತದೆ, ಆಗಲಿ.

ವೇಗದ ಮಾತು. ಲೈಸೆನ್ಸ್ ಬೇಡದ 0.177 ಇಂಚಿನ ಏರ್ ರೈಫಲ್ಲಿಗೆ 20 ಜೂಲ್ ಮಿತಿ ಇದೆ, ಅದನ್ನು ನಾನು ದಾಟಲ್ಲ. ಪೆಲೆಟ್ಟಿನ ವೇಗ ಅಳೆಯುವ ಸೆಕೆಂಡ್ ಹ್ಯಾಂಡ್ ಕ್ರೋನೋಗ್ರಾಫ್ ನಾಲ್ಕೂವರೆ ಸಾವಿರಕ್ಕೆ ಸಿಕ್ಕಿತು. ಮಾನ್‌ಸ್ಟರ್ ಸೆಕೆಂಡಿಗೆ 205 ಮೀಟರ್ ವೇಗದಲ್ಲಿ ಹೋದರೆ 18 ಜೂಲ್ ಚಿಲ್ಲರೆ. ಹ್ಯಾಮರ್ ಸ್ಪ್ರಿಂಗ್ ಸಡಿಲಿಸಿ 180ಕ್ಕೆ ಇಳಿಸಿ ನೋಡಿದೆ, ರೈಫಲ್ಲಿನಲ್ಲಿ ತುಂಬಿದ ಗಾಳಿ ಉಳಿಯಲಿ ಅಂತ. ಪೆಲೆಟ್ ಅಲುಗಾಡಿ ಕಾಗದದಲ್ಲಿ ಉದ್ದುದ್ದ ತೂತು ಬಿತ್ತು. ಆ ವೇಗದಲ್ಲಿ ಉದ್ದ ಪೆಲೆಟ್ ನೆಟ್ಟಗೆ ಹೋಗಲು ಬೇಕಾದಷ್ಟು ಜೋರಾಗಿ ತಿರುಗುವುದಿಲ್ಲ, ಅಷ್ಟೇ. ವಾಪಸ್ 205ಕ್ಕೆ ತಂದೆ.

ಚಿನ್ನದಂಗಡಿಯ ತಕ್ಕಡಿಯಲ್ಲಿ ಪೆಲೆಟ್ ತೂಗಿ ಬೇರೆ ಮಾಡಿದ್ದೂ ಉಂಟು. ಒಂದು ಡಬ್ಬಿ ಪೂರ್ತಿ ತೂಗಿದೆ. ತೀರಾ ಹಗುರ ಇದ್ದವನ್ನು ತೆಗೆದಾಗ ದೂರಕ್ಕೆ ಬೀಳುವ ಒಂಟಿ ತೂತು ಕಡಿಮೆಯಾಯಿತು, ಉಳಿದ ತೂತುಗಳ ಗುಂಪಿನ ಅಗಲ ಮಾತ್ರ ಅಷ್ಟೇ ಉಳಿಯಿತು. ಪೆಲೆಟ್ ತೊಳೆದು ಎಣ್ಣೆ ಹಚ್ಚಿದ್ದರಿಂದ ಏನೂ ಆಗಲಿಲ್ಲ.

ಕ್ರೋನೋಗ್ರಾಫ್ ಸೇರಿ ಹದಿನೆಂಟು ಇಪ್ಪತ್ತು ಸಾವಿರ ಖರ್ಚಾಯಿತು. ಈಗ ಒಂದು ಮ್ಯಾಗಜೀನಿಗೆ ಸಾಮಾನಿನ ಖರ್ಚು ಏಳುನೂರು ಇರಬಹುದು, ಕೈಕೆಲಸ ಒಂದು ದಿನ. ಬಾಗುತ್ತೆ ಅಂದವರೇ ಎರಡು ಮಾಡಿಸಿಕೊಂಡಿದ್ದಾರೆ. ನಿಮಗೂ ಬೇಕಿದ್ದರೆ ಸ್ಲಾಟಿನ ಅಗಲ, ಸ್ಲಾಟಿನ ತಳದಿಂದ ಪ್ರೋಬಿನ ನಡುವಿಗೆ ಇರುವ ಎತ್ತರ, ಇವೆರಡನ್ನು ವರ್ನಿಯರ್‌ನಲ್ಲಿ ಅಳೆದುಕೊಂಡು ಬನ್ನಿ. ಹಳೇ ಮ್ಯಾಗಜೀನ್ ಕೂಡ ತನ್ನಿ, ಅದರ ಚೌಕಟ್ಟಿನ ಹೊರ ಅಳತೆ ಬೇಕಾಗುತ್ತದೆ.